ನಿಮಗಿದು ಗೊತ್ತೆ? ರಿಮೋಟ್ ರೇಸ್ ಕಾರಿನ ತೋಳು ನೀರಲ್ಲಿ ಕುದಿಯುತ್ತದೆ

ರಿಮೋಟಿನಿಂದ ಓಡುವ ರೇಸ್ ಕಾರಿನಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದು ಮುಂಭಾಗ. ಒಂದೂವರೆ ಕಿಲೋ ತೂಕದ ಕಾರು ಗಂಟೆಗೆ 36 ಕಿ.ಮೀ. ವೇಗದಲ್ಲಿ ಕಲ್ಲಿಗೆ ಗುದ್ದಿದರೆ, ಸುಮಾರು 5 ಮೀಟರ್ ಎತ್ತರದಿಂದ ಬಿದ್ದಷ್ಟೇ ಪೆಟ್ಟು. ಕೂಡ್ಲಿಗಿ ಸೀಮೆಯ ಗುಡೇಕೋಟೆಯಂಥ ಬಂಡೆಗಲ್ಲಿನ ನೆಲದಲ್ಲಿ ಇದು ತಪ್ಪಿದ್ದಲ್ಲ. ಚಕ್ರಕ್ಕೆ ಬಿದ್ದ ಪೆಟ್ಟು ಅದನ್ನು ಹಿಡಿದ ಸಸ್ಪೆನ್ಷನ್ ತೋಳಿಗೆ, ತೋಳಿನ ಪಿನ್ನಿಗೆ, ಕೊನೆಗೆ ಕಾರಿನ ಚೌಕಟ್ಟಾದ ಚಾಸಿಗೆ ಇಳಿಯುತ್ತದೆ.

ಹಾಗೆಂದು ಎಲ್ಲವನ್ನೂ ಅಲ್ಯೂಮಿನಿಯಂ ಮಾಡುವುದು ಜಾಣತನವಲ್ಲ. ನೈಲಾನ್ ತೋಳು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಅಲ್ಯೂಮಿನಿಯಂ ಬಾಗಿದರೆ ಬಾಗಿದ್ದೇ, ಜತೆಗೆ ಪೆಟ್ಟನ್ನು ಚಾಸಿಗೆ ದಾಟಿಸುತ್ತದೆ. ಅಮೆರಿಕದ ಟೀಮ್ ಅಸೋಸಿಯೇಟೆಡ್ 1984ರಲ್ಲಿ ತಂದ ಆರ್‌ಸಿ10 ಕಾರಿಗೆ ಅಲ್ಯೂಮಿನಿಯಂ ಚಾಸಿಯಿದ್ದರೂ ತೋಳುಗಳು ನೈಲಾನಿನವೇ. ಪಿನ್ನುಗಳ ಮುಂತುದಿಗೆ ಲೋಹದ ಪಟ್ಟಿ ಕಟ್ಟುವುದು, ಅಗಲವಾದ ಮೆತ್ತನೆಯ ಬಂಪರ್ ಹಾಕುವುದು ಹೆಚ್ಚು ಫಲಕಾರಿ. ಸ್ಟೇರಿಂಗ್ ತಿರುಗಿಸುವ ಸರ್ವೋ ಮೋಟರಿನ ಹಲ್ಲುಗಳನ್ನು ‘ಸರ್ವೋ ಸೇವರ್’ ಎಂಬ ಸ್ಪ್ರಿಂಗ್ ಭಾಗ ಕಾಯುತ್ತದೆ.

ಹೊಸ ನೈಲಾನ್ ತೋಳುಗಳನ್ನು ನೀರಿನಲ್ಲಿ ಕುದಿಸುವುದು ರೇಸಿನವರ ಹಳೆಯ ರೂಢಿ. ನೈಲಾನ್ ತೇವ ಹೀರಿ ಗಡಸುತನ ಕಳೆದುಕೊಳ್ಳುತ್ತದೆ, ಬೇಗ ಮುರಿಯುವುದಿಲ್ಲ. ಕೂಡ್ಲಿಗಿ ಸೀಮೆಯ ಒಣ ಬೇಸಿಗೆಯಲ್ಲಿ ಆ ತೇವ ಮತ್ತೆ ಆರುವುದರಿಂದ ಆಗಾಗ ಕುದಿಸುವುದು ಒಳ್ಳೆಯದು.

ಗಟ್ಟಿತನವಷ್ಟೇ ಸಾಲದು, ಓಟದ ಹಿಡಿತಕ್ಕೆ ಮುಂಚಕ್ರಗಳ ಕೋನಗಳೂ ಮುಖ್ಯ. ಚಕ್ರ ಎಡಬಲಕ್ಕೆ ತಿರುಗುವ ಅಚ್ಚಿನ ಮೇಲ್ತುದಿಯನ್ನು ಹಿಂದಕ್ಕೆ ವಾಲಿಸಿದಷ್ಟೂ ಕಾರು ನೇರ ಹಾದಿಯಲ್ಲಿ ಸ್ಥಿರ. ಚಕ್ರದ ಮೇಲಂಚನ್ನು ಒಂದೆರಡು ಡಿಗ್ರಿ ಒಳಕ್ಕೆ ಬಾಗಿಸಿದರೆ ತಿರುವಿನಲ್ಲಿ ಟಯರು ನೆಲಕ್ಕೆ ಚೆನ್ನಾಗಿ ಕೂರುತ್ತದೆ.