ಕುಗ್ಗುವ ಪಾಚಿಗೆ ಸಂಗಾತಿ ಸಿಗೋದು ಹೇಗೆ?

ಹೊಳೆಗೆ ಇಳಿದಾಗ ಕಲ್ಲಿನ ಮೇಲೆ ಕಾಲು ಜಾರುತ್ತಲ್ಲ, ಆ ಕಂದು ಲೋಳೆ ಗೊತ್ತಲ್ವಾ? ಪಾಚಿ ಅಂತ ಒಂದೇ ಹೆಸರಿಟ್ಟು ನಾವು ಮುಂದೆ ಹೋಗಿಬಿಡ್ತೀವಿ. ಅದರ ಒಂದು ಹನಿಯನ್ನು ಮೈಕ್ರೋಸ್ಕೋಪ್ ಕೆಳಗಿಟ್ಟರೆ ಗಾಜಿನ ಪುಟ್ಟ ದೋಣಿಗಳಂಥ ಜೀವಿಗಳು ಕಾಣುತ್ತವೆ. ಇವೇ ಡಯಾಟಮ್‌ಗಳು. ಒಂದೊಂದೂ ಒಂದೇ ಜೀವಕೋಶ. ಕಣ್ಣಿಲ್ಲ, ಕಿವಿಯಿಲ್ಲ, ಮಿದುಳಂತೂ ಇಲ್ಲವೇ ಇಲ್ಲ. ಆದರೆ ಭೂಮಿಯ ಮೇಲಿನ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಐದನೇ ಒಂದು ಪಾಲು ಇವುಗಳದ್ದು.

ನನಗೆ ಇವುಗಳ ಮೇಲೆ ಆಸಕ್ತಿ ಹುಟ್ಟಿದ್ದು ಮಾತ್ರ ಇವು ಕೊಡುವ ಆಮ್ಲಜನಕದಿಂದಲ್ಲ, ಇವು ಸಂಗಾತಿಯನ್ನು ಹುಡುಕುವ ರೀತಿಯಿಂದ.

ಪ್ರತಿ ಪೀಳಿಗೆಗೂ ಚಿಕ್ಕ ಡಬ್ಬಿ

ಡಯಾಟಮ್‌ನ ಚಿಪ್ಪು ಸಿಲಿಕಾದ್ದು, ಅಂದರೆ ಹೆಚ್ಚುಕಮ್ಮಿ ಗಾಜು. ಅಡುಗೆಮನೆಯ ಡಬ್ಬಿ ಮತ್ತು ಮುಚ್ಚಳದ ಥರ ಎರಡು ಭಾಗ. ದೊಡ್ಡದರೊಳಗೆ ಚಿಕ್ಕದು ಕೂತಿರುತ್ತದೆ. ಜೀವಕೋಶ ಎರಡಾಗಿ ಒಡೆದಾಗ ಒಂದು ಮರಿಗೆ ಮುಚ್ಚಳ ಸಿಗುತ್ತದೆ, ಇನ್ನೊಂದಕ್ಕೆ ಡಬ್ಬಿ. ಎರಡೂ ತಮಗೆ ಸಿಕ್ಕಿದ್ದನ್ನೇ ಮುಚ್ಚಳ ಮಾಡಿಕೊಂಡು, ಒಳಗೆ ಕೂರುವಂಥ ಹೊಸ ಡಬ್ಬಿ ಕಟ್ಟುತ್ತವೆ. ಮುಚ್ಚಳ ಸಿಕ್ಕಿದ್ದು ತಾಯಿಯಷ್ಟೇ ದೊಡ್ಡದು. ಡಬ್ಬಿ ಸಿಕ್ಕಿದ್ದು ಸ್ವಲ್ಪ ಚಿಕ್ಕದು.

ಹೀಗೆ ಒಡೆಯುತ್ತಾ ಹೋದರೆ ವಂಶದ ಸರಾಸರಿ ಗಾತ್ರ ಕುಗ್ಗುತ್ತಲೇ ಹೋಗುತ್ತದೆ. ಕೊನೆಗೆ ಒಂದು ಹಂತದಲ್ಲಿ ಬದುಕೋಕೇ ಆಗದಷ್ಟು ಪುಟ್ಟದಾಗಿ ಸಾಯುತ್ತವೆ. ಬಹುತೇಕ ಡಯಾಟಮ್‌ಗಳಿಗೆ ಇದರಿಂದ ಪಾರಾಗುವ ದಾರಿ ಲೈಂಗಿಕ ಸಂತಾನೋತ್ಪತ್ತಿ. ಎರಡು ಕೋಶಗಳು ಕೂಡಿದಾಗ ಹುಟ್ಟುವ ಹೊಸ ಕೋಶಕ್ಕೆ ಮೊದಲು ಗಟ್ಟಿ ಚಿಪ್ಪಿರುವುದಿಲ್ಲ. ಅದು ಆರಾಮಾಗಿ ಉಬ್ಬಿ ದೊಡ್ಡದಾಗಿ, ಆಮೇಲೆ ಹೊಸ ಚಿಪ್ಪು ಹಾಕಿಕೊಳ್ಳುತ್ತದೆ. ವಂಶದ ಅಳತೆ ಮತ್ತೆ ಶುರುವಿಗೆ ಬರುತ್ತದೆ.

ಅಂದರೆ ಸಂಗಾತಿ ಸಿಗಲೇಬೇಕು, ಅದೂ ಟೈಮ್ ಮುಗಿಯೋದರೊಳಗೆ!

ವಾಸನೆಯೇ ವಿಳಾಸ

ಸಂಗಾತಿಯನ್ನು ಕರೆಯುವ ರಾಸಾಯನಿಕಕ್ಕೆ ಫೆರೊಮೋನ್ ಅಂತಾರೆ. ಮೊದಲು ಪತ್ತೆಯಾದ ಫೆರೊಮೋನ್ ನಮ್ಮ ರಾಮನಗರದವರಿಗೆ ಚೆನ್ನಾಗಿ ಗೊತ್ತಿರುವ ರೇಷ್ಮೆ ಪತಂಗದ್ದೇ. 1959ರಲ್ಲಿ ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್ ತಂಡ ಅದನ್ನು ಗುರುತಿಸಿ ಬಾಂಬಿಕಾಲ್ ಅಂತ ಹೆಸರಿಟ್ಟಿತು. 1971ರಲ್ಲಿ ಕಂದು ಕಡಲಪಾಚಿಯೊಂದರ ಲಿಂಗಾಣುಗಳು ಬಿಡುವ ಎಕ್ಟೊಕಾರ್ಪೀನ್ ಸಿಕ್ಕಿತು. ಡಯಾಟಮ್‌ಗಳ ಗುಟ್ಟು ಬಯಲಾಗಲು 2013 ಬರಬೇಕಾಯಿತು. ಬೆಲ್ಜಿಯಂನ ಘೆಂಟ್ ಮತ್ತು ಜರ್ಮನಿಯ ಯೇನಾ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಸೆಮಿನಾವಿಸ್ ರೋಬಸ್ಟಾ ಎಂಬ ಡಯಾಟಮ್‌ನಲ್ಲಿ ಅದನ್ನು ಕಂಡುಕೊಂಡರು.

ಸೆಮಿನಾವಿಸ್ ತಳದ ಕೆಸರಿನ ಮೇಲೆ ಲೋಳೆ ಬಿಟ್ಟುಕೊಂಡು ಜಾರುತ್ತಾ ಓಡಾಡುವ ಜೀವಿ. ಇದರಲ್ಲಿ ಗಂಡು, ಹೆಣ್ಣು ಅಂತಿಲ್ಲ. ಪ್ಲಸ್ ಮತ್ತು ಮೈನಸ್ ಎಂಬ ಎರಡು ಬಗೆಗಳಿವೆ. ಕೋಶದ ಉದ್ದ ಸುಮಾರು 50 ಮೈಕ್ರೋಮೀಟರ್‌ಗಿಂತ, ಅಂದರೆ ಮಿಲಿಮೀಟರ್‌ನ ಇಪ್ಪತ್ತನೇ ಒಂದು ಭಾಗಕ್ಕಿಂತ ಕಡಿಮೆಯಾದ ಮೇಲೆ ಮಾತ್ರ ಇವು ಕೂಡಲು ಅರ್ಹ. ಮದುವೆ ವಯಸ್ಸಿನ ಬದಲು ಇಲ್ಲಿ ಮದುವೆ ಅಳತೆ ಅನ್ನಿ.

ಮೊದಲು ಹಾಯ್, ಆಮೇಲೆ ಲೊಕೇಶನ್

ನನಗೆ ತುಂಬಾ ಹಿಡಿಸಿದ ಭಾಗ ಇದು. ಆ ಅಳತೆಗೆ ಬಂದ ಪ್ಲಸ್ ಕೋಶ ನೀರಿಗೆ ಒಂದು ಸಂಕೇತ ಬಿಡುತ್ತದೆ: 'ನಾನಿಲ್ಲಿದ್ದೀನಿ'. ಅದು ತಲುಪಿದ ಮೈನಸ್ ಕೋಶ ಒಡೆಯುವ ಕೆಲಸವನ್ನು ನಿಲ್ಲಿಸಿ, ಡೈಪ್ರೋಲಿನ್ ಎಂಬ ಫೆರೊಮೋನ್ ತಯಾರಿಸಲು ಶುರುಮಾಡುತ್ತದೆ. ನಮ್ಮ ದೇಹದ ಪ್ರೋಟೀನ್‌ಗಳಲ್ಲೂ ಇರುವ ಪ್ರೋಲಿನ್ ಎಂಬ ಅಮೈನೋ ಆಮ್ಲದ ಎರಡು ಅಣುಗಳು ಸೇರಿ ಆಗುವ ಪುಟ್ಟ ವಸ್ತು ಅದು. ಪ್ಲಸ್ ಕೋಶ ಅದರ ಜಾಡು ಹಿಡಿದು ಮೈನಸ್ ಕಡೆ ಜಾರುತ್ತದೆ.

ಡೈಪ್ರೋಲಿನ್ ಸವರಿದ ಪುಟ್ಟ ಮಣಿಗಳನ್ನು ವಿಜ್ಞಾನಿಗಳು ನೀರಿನಲ್ಲಿ ಹಾಕಿದಾಗ ಪ್ಲಸ್ ಕೋಶಗಳು ಆ ಮಣಿಗಳ ಸುತ್ತಲೇ ಗುಂಪುಗಟ್ಟಿದವು. ಆದರೆ ಒಂದು ಷರತ್ತು: ಮೈನಸ್ ಕೋಶಗಳು ಹತ್ತಿರದಲ್ಲಿವೆ ಎಂಬ ಸುಳಿವು ಅವಕ್ಕೆ ಮೊದಲೇ ಸಿಕ್ಕಿರಬೇಕು. ಇಲ್ಲದಿದ್ದರೆ ಮಣಿ ಕಂಡರೂ ಕ್ಯಾರೇ ಇಲ್ಲ.

ಇಷ್ಟೊಂದು ಶಾಸ್ತ್ರ ಯಾಕೆ? ಕೂಡಲು ತಯಾರಾಗಬೇಕೆಂದರೆ ಒಡೆಯುವುದನ್ನು ನಿಲ್ಲಿಸಬೇಕು. ಪಕ್ಕದಲ್ಲಿ ಯಾರೂ ಇಲ್ಲದೆ ಹೀಗೆ ನಿಂತರೆ ನಷ್ಟ. ಅದಕ್ಕೇ ಎದುರಿನವರಿಂದ ಖಾತ್ರಿಯಾಗುವವರೆಗೆ ದುಬಾರಿ ಹೆಜ್ಜೆ ಇಡುವುದಿಲ್ಲ ಅಂತ ನನಗನ್ನಿಸುತ್ತದೆ.

ಹೊಟ್ಟೆ ಮೊದಲಾ, ಪ್ರೀತಿ ಮೊದಲಾ?

ಇವಕ್ಕೆ ಚಿಪ್ಪು ಕಟ್ಟಲು ಸಿಲಿಕಾ ಬೇಕು, ಅದನ್ನೂ ನೀರಿನಲ್ಲಿ ಜಾಡು ಹಿಡಿದು ಹುಡುಕಿಕೊಂಡು ಹೋಗುತ್ತವೆ. ಒಂದು ಕಡೆ ಸಿಲಿಕಾ, ಇನ್ನೊಂದು ಕಡೆ ಡೈಪ್ರೋಲಿನ್ ಇದ್ದರೆ? ಯೇನಾದ ಸಂಶೋಧಕರು ಪರೀಕ್ಷಿಸಿದಾಗ, ಯಾವುದರ ಕೊರತೆ ಹೆಚ್ಚೋ ಅತ್ತ ಹೋಗುವಂತೆ ಕೋಶಗಳು ವರ್ತಿಸಿದ್ದು ಕಂಡಿತು. ಮಿದುಳಿಲ್ಲದ ಜೀವಿ ಹೀಗೆ ಆದ್ಯತೆ ತೂಗುತ್ತದೆ ಅಂದರೆ ನಂಬೋಕೆ ಸ್ವಲ್ಪ ಹೊತ್ತು ಬೇಕು.

ಈ ಮಾತುಕತೆ ಖಾಸಗಿಯೂ ಅಲ್ಲ. ಕೆಸರಿನ ಆ ಲೋಳೆಯಲ್ಲಿ ಬ್ಯಾಕ್ಟೀರಿಯಾಗಳೂ ತುಂಬಿರುತ್ತವೆ. ಕೆಲವು ಬ್ಯಾಕ್ಟೀರಿಯಾಗಳ ಸ್ರಾವ ಇವುಗಳ ಕೂಡುವಿಕೆಯನ್ನು ಹೆಚ್ಚಿಸಿದರೆ, ಇನ್ನು ಕೆಲವುಗಳದ್ದು ತಗ್ಗಿಸುತ್ತದೆ. ನಂಟಸ್ತಿಕೆ ನಡುವೆ ಬಾಯಿ ಹಾಕೋ ನೆರೆಹೊರೆಯವರು ಅಲ್ಲೂ ಇದ್ದಾರೆ!

ಇಷ್ಟೆಲ್ಲಾ ದಾಟಿ ಪ್ಲಸ್ ಮತ್ತು ಮೈನಸ್ ಪಕ್ಕಪಕ್ಕ ಬಂದು ನಿಂತರೆ, ಒಂದೊಂದೂ ಎರಡು ಲಿಂಗಾಣುಗಳನ್ನು ಮಾಡುತ್ತದೆ. ಅವು ಜೋಡಿಯಾಗಿ ಎರಡು ಹೊಸ ಕೋಶಗಳು ಹುಟ್ಟುತ್ತವೆ. ಎರಡೂ ತಂದೆತಾಯಿಗಿಂತ ದೊಡ್ಡವು. ಕುಗ್ಗುತ್ತಿದ್ದ ವಂಶ ಉಳಿಯುವುದು ಸರಿಯಾದ ಹೊತ್ತಿಗೆ ತಲುಪಿದ ಒಂದು ಸಣ್ಣ ಅಣುವಿನಿಂದ.