ಪೀಪಾಯಿಯೊಳಗೊಂದು ಮನೆತನ

ವೈನ್ ಬಗ್ಗೆ ಬರೆಯುತ್ತೇನೆ ಅಂದಾಗ ನಮ್ಮ ಮನೆಯವರೇ ಹುಬ್ಬೇರಿಸಿದರು. ನೀವೂ ‘ಅಯ್ಯೋ, ಇವಳಿಗೇನು ಬಂತು!’ ಅನ್ನಬೇಡಿ. ನಮ್ಮದು ಮದ್ಯ ಮುಟ್ಟದ ಮನೆ. ಯಾರಿಗೂ ಕುಡಿಯಿರಿ ಎಂದು ಹೇಳುವುದು ನನ್ನ ಉದ್ದೇಶವಲ್ಲ. ನನ್ನ ಅಕ್ಕನ ಮಗ ಫ್ರಾನ್ಸಿನ ದಿಜೋನ್ ಪಟ್ಟಣದಲ್ಲಿ ಓದುತ್ತಿದ್ದಾನೆ. ರಜೆಗೆ ಬಂದವನು ಅಲ್ಲಿಯ ದ್ರಾಕ್ಷಿತೋಟಗಳ ಸುದ್ದಿ ಹೇಳುತ್ತಾ ಕೂತ. ನಾನು ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದೆ. ಕೇಳುತ್ತಾ ಕೇಳುತ್ತಾ ಕೈ ನಿಂತೇ ಹೋಯಿತು. ಏಕೆಂದರೆ ಅದು ಕುಡಿತದ ಕಥೆಯಾಗಿರಲಿಲ್ಲ, ಹಿರಿಯರ ಜಮೀನಿನ ಕಥೆಯಾಗಿತ್ತು.

ದಿಜೋನ್‌ನಿಂದ ದಕ್ಷಿಣಕ್ಕೆ ಹೋದರೆ ಬರ್ಗಂಡಿ ಸೀಮೆಯ ಪುಲಿನಿ-ಮೊಂರಾಶೆ ಎಂಬ ಹಳ್ಳಿ. ಅಲ್ಲಿ ಶಾರ್ಡೊನೆ ಎಂಬ ದ್ರಾಕ್ಷಿಯಿಂದ ಬಿಳಿ ವೈನ್ ಮಾಡುತ್ತಾರೆ. ಹಣ್ಣು ಹಿಂಡಿದ ರಸವನ್ನು ಓಕ್ ಮರದ ಪೀಪಾಯಿಗಳಲ್ಲಿ ಹುಳಿಯಲು ಬಿಡುತ್ತಾರೆ. ಒಂದು ಪೀಪಾಯಿಗೆ 228 ಲೀಟರ್, ಅಂದರೆ ಸುಮಾರು 300 ಬಾಟಲಿ.

ಹೊಸ ಮಣ್ಣಿನ ಮಡಕೆಯನ್ನು ನಾವು ಗಂಜಿ ಹಾಕಿ ಪಳಗಿಸುತ್ತೇವಲ್ಲ, ಹಾಗೆಯೇ ಆ ಮರವನ್ನೂ ಪಳಗಿಸಬೇಕು. ಸೀಳಿದ ಹಲಗೆಗಳನ್ನು ಎರಡು ಮೂರು ವರ್ಷ ಮಳೆ ಬಿಸಿಲಿಗೆ ಒಡ್ಡಿ ಅದರ ಒಗರು ತೆಗೆಯುತ್ತಾರೆ. ಆಮೇಲೆ ಬೆಂಕಿಯ ಕಾವಿನಲ್ಲಿ ಬಗ್ಗಿಸಿ, ಒಳಮೈಯನ್ನು ಹದವಾಗಿ ಸುಡುತ್ತಾರೆ. ವೆನಿಲಾ, ಸುಟ್ಟ ಬ್ರೆಡ್ಡಿನ ಪರಿಮಳ ಬರುವುದು ಅದರಿಂದಲೇ. ಎಲ್ಲ ಪೀಪಾಯಿಗಳೂ ಹೊಸವಾದರೆ ಇಂಗು ಹೆಚ್ಚಾದ ಸಾರಿನ ಹಾಗೆ, ದ್ರಾಕ್ಷಿಯ ರುಚಿ ಹೋಗಿ ಮರದ ರುಚಿಯೇ ಉಳಿಯುತ್ತದೆ. ಆದ್ದರಿಂದ ಹಳೆಯವುಗಳ ನಡುವೆ ಹೊಸವು ಕೆಲವು ಮಾತ್ರ.

ಮರದ ಸಂದಿನಿಂದ ವೈನ್ ಸ್ವಲ್ಪ ಸ್ವಲ್ಪವೇ ಆವಿಯಾಗುತ್ತದೆ. ಮೇಲೆ ಜಾಗ ಖಾಲಿ ಬಿದ್ದರೆ ಗಾಳಿ ಸೇರಿ ಕೆಡುತ್ತದೆ. ಅದಕ್ಕೇ ಆಗಾಗ ತುಂಬಿಸುತ್ತಿರಬೇಕು. ಉಪ್ಪಿನಕಾಯಿ ಭರಣಿಯಲ್ಲಿ ಎಣ್ಣೆ ಮೇಲೆ ನಿಂತಿದೆಯೇ ಎಂದು ನಾವು ಬಗ್ಗಿ ನೋಡುವುದಿಲ್ಲವೇ? ಹುಳಿ ಮೆತ್ತಗಾಗಲು ಕೆಲಸ ಮಾಡುವ ಸೂಕ್ಷ್ಮಾಣುಗಳಂತೂ ನಮ್ಮ ಮೊಸರಿನ ಹೆಪ್ಪಿನ ದಾಯಾದಿಗಳು!

ಈಗ ಜಮೀನಿನ ವಿಷಯಕ್ಕೆ ಬರೋಣ. 1804ರ ನೆಪೋಲಿಯನ್ ಕಾನೂನು ಹಿರಿಯರ ಆಸ್ತಿಯಲ್ಲಿ ಗಂಡು ಹೆಣ್ಣು ಎನ್ನದೆ ಮಕ್ಕಳಿಗೆಲ್ಲ ಸಮಪಾಲು ಎಂದಿತು. ನ್ಯಾಯವೇ ಸರಿ. ಆದರೆ ತಲೆಮಾರು ಕಳೆದಂತೆ ತೋಟಗಳು ತುಂಡು ತುಂಡಾದವು. ಮೊಂರಾಶೆ ಎಂಬ ಹೆಸರಾಂತ ತೋಟ ಸುಮಾರು 20 ಎಕರೆ ಅಷ್ಟೇ. ಅದಕ್ಕೆ ಹದಿನೈದಕ್ಕೂ ಹೆಚ್ಚು ಒಡೆಯರು! ಕೆಲವರ ಪಾಲಿಗೆ ಬರುವುದು ನಾಲ್ಕು ಸಾಲು ಬಳ್ಳಿ.

ಅದೇ ಊರಿನ ಲೆಫ್ಲೇವ್ ಮನೆತನ ಬೇರೆ ದಾರಿ ಹಿಡಿಯಿತು. ಜೋಸೆಫ್ ಲೆಫ್ಲೇವ್ ಕಟ್ಟಿದ ತೋಟವನ್ನು ಮಕ್ಕಳು ಹರಿದು ಹಂಚಿಕೊಳ್ಳಲಿಲ್ಲ. ಪಾಲು ಎಲ್ಲರಿಗೂ ಇರಲಿ, ನೆಲ ಒಂದೇ ಇರಲಿ ಎಂದು ಕುಟುಂಬದ ಕಂಪನಿ ಮಾಡಿಕೊಂಡರು. ಇಂದು ಅದು ಸುಮಾರು 60 ಎಕರೆ. ಅವರ ವೈನ್ ಒಂದು ವರ್ಷ ಓಕ್ ಪೀಪಾಯಿಯಲ್ಲಿದ್ದು, ಆರು ತಿಂಗಳು ತೊಟ್ಟಿಯಲ್ಲಿ ವಿಶ್ರಮಿಸಿ ಬಾಟಲಿ ಸೇರುತ್ತದೆ.

1990ರಲ್ಲಿ ಹೊಣೆ ಬಂದದ್ದು ಜೋಸೆಫರ ಮೊಮ್ಮಗಳು ಆನ್-ಕ್ಲೋದ್ ಲೆಫ್ಲೇವ್ ಅವರ ಮೇಲೆ. ರಾಸಾಯನಿಕಗಳಿಂದ ಮಣ್ಣು ಸೊರಗುತ್ತಿದೆ ಎಂದು ಆಕೆಗೆ ಅನಿಸಿತು. ಮೊದಲು ಸ್ವಲ್ಪ ಜಾಗದಲ್ಲಿ ಪ್ರಯೋಗ ಮಾಡಿ, 1997ರ ಹೊತ್ತಿಗೆ ಇಡೀ ತೋಟವನ್ನೇ ರಾಸಾಯನಿಕವಿಲ್ಲದ ಬೇಸಾಯಕ್ಕೆ ತಂದರು. ಆ ಪದ್ಧತಿಯಲ್ಲಿ ಹಸುವಿನ ಕೊಂಬಿಗೆ ಸಗಣಿ ತುಂಬಿ ನೆಲದಲ್ಲಿ ಹೂತು, ಅದರಿಂದ ಗೊಬ್ಬರ ಮಾಡುತ್ತಾರೆ ಎಂದರೆ ನಂಬುತ್ತೀರಾ? 2015ರಲ್ಲಿ, 59ನೇ ವಯಸ್ಸಿನಲ್ಲಿ ಆಕೆ ತೀರಿಕೊಂಡರು. ತೋಟ ಈಗಲೂ ಅದೇ ಮನೆತನದ ಮುಂದಿನ ತಲೆಮಾರಿನ ಕೈಯಲ್ಲಿದೆ.

ಕಷ್ಟ ಅವರಿಗೂ ತಪ್ಪಿದ್ದಲ್ಲ. 2021ರ ಏಪ್ರಿಲ್‌ನಲ್ಲಿ ಬಳ್ಳಿ ಚಿಗುರಿದ ಮೇಲೆ ಹಿಮ ಬಿತ್ತು. ಬರ್ಗಂಡಿಯ ರೈತರು ರಾತ್ರಿಯಿಡೀ ತೋಟಗಳಲ್ಲಿ ಸಾವಿರಾರು ಮೇಣದ ದೀಪ ಹಚ್ಚಿ ಕಾದರು. ಬೇಗ ಚಿಗುರುವ ಶಾರ್ಡೊನೆಗೇ ಹೆಚ್ಚು ಪೆಟ್ಟು. “ಚಿಕ್ಕಮ್ಮ, ದೂರದಿಂದ ನೋಡಿದರೆ ನಮ್ಮ ಲಕ್ಷದೀಪದ ಹಾಗೇ ಕಾಣುತ್ತಿತ್ತಂತೆ” ಎಂದ ಹುಡುಗ.

ನನ್ನ ಕೈ ಯಾಕೆ ನಿಂತಿತು ಅಂದಿರಾ? ತವರಿನಲ್ಲಿ ಅಪ್ಪ ಬಿಟ್ಟುಹೋದ ಎರಡೆಕರೆ ಅಡಿಕೆ ತೋಟವಿದೆ. ನಾಲ್ಕು ಜನ ಮಕ್ಕಳು. ಮಾರಿ ಹಂಚಿಕೊಳ್ಳೋಣ ಎಂದು ಅಣ್ಣ ಕಾಗದಪತ್ರ ಕಳಿಸಿದ್ದ. ಹೆಣ್ಣುಮಕ್ಕಳಿಗೂ ಸಮಪಾಲು ಎಂದು 2005ರಲ್ಲಿ ಕಾಯಿದೆ ತಿದ್ದುಪಡಿಯಾದದ್ದು ನನಗೆ ಗೊತ್ತು. ಆದರೂ ತವರಿನ ನಂಟು ಕೆಟ್ಟೀತೆಂದು ಕಣ್ಣುಮುಚ್ಚಿ ಸಹಿ ಹಾಕಲು ಹೊರಟಿದ್ದೆ.

ಅಂದು ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. “ಅಣ್ಣಾ, ನನಗೆ ಹಣದ ಆಸೆ ಇಲ್ಲ. ಮಾರುವ ಮುಂಚೆ ನಾಲ್ವರೂ ಒಮ್ಮೆ ತೋಟದಲ್ಲೇ ಕೂತು ಮಾತಾಡೋಣ. ಒಟ್ಟಿಗೆ ಇಟ್ಟುಕೊಳ್ಳುವ ದಾರಿ ಇದೆಯೇ ನೋಡೋಣ” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ದಸರಾಕ್ಕೆ ಬಾ” ಎಂದ. ಏನಾಗುವುದೋ ಕಾಣೆ. ನೀವೂ ಅಷ್ಟೇ, ಕಾಗದಕ್ಕೆ ಸಹಿ ಹಾಕುವ ಮುಂಚೆ ಪೂರ್ತಿ ಓದಿ, ತಿಳಿದವರನ್ನು ಕೇಳಿ, ಒಡಹುಟ್ಟಿದವರ ಜೊತೆ ಬಾಯಿಬಿಟ್ಟು ಮಾತಾಡಿ.

ಉಪ್ಪಿನಕಾಯಿ ಭರಣಿ ತುಂಬಿಟ್ಟಿದ್ದೇನೆ. ದಸರಾಕ್ಕೆ ತವರಿಗೆ ಒಯ್ಯಬೇಕು.