ಚಿತ್ರದ ಪುಟ ವೆಬ್ ಪುಟವಾಗುವ ಬಗೆ

ವಿಜಯಪುರ: ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರೊಬ್ಬರು ತಮ್ಮ ಒಣದ್ರಾಕ್ಷಿಯನ್ನು ದಲ್ಲಾಳಿಗಳ ನೆರವಿಲ್ಲದೆ ನೇರವಾಗಿ ಮಾರಲು ವೆಬ್‌ಸೈಟ್ ಮಾಡಿಸಿದರೆಂದು ಭಾವಿಸೋಣ. ನಗರದ ವಿನ್ಯಾಸಕಾರರು ರೂಪಿಸಿಕೊಟ್ಟ ಪುಟ ಕಣ್ಣಿಗೆ ಹಬ್ಬ. ಮೇಲೆ ಹಸಿರು ಬಳ್ಳಿ, ನಡುವೆ ಅಂದವಾದ ಕನ್ನಡ ಶೀರ್ಷಿಕೆ, ಅದರಡಿ ದರಪಟ್ಟಿ, ಕೊನೆಯಲ್ಲಿ ‘ಸಂಪರ್ಕಿಸಿ’ ಎಂಬ ಗುಂಡಿ. ಆದರೆ ತಿಂಗಳು ಕಳೆದರೂ ಒಂದು ಕರೆಯೂ ಬರಲಿಲ್ಲ. ಗುಂಡಿ ಒತ್ತಿದರೆ ಏನೂ ಆಗದು. ಗೂಗಲ್‌ನಲ್ಲಿ ‘ತಿಕೋಟಾ ಒಣದ್ರಾಕ್ಷಿ’ ಎಂದು ಹುಡುಕಿದರೆ ಪುಟ ಸಿಗದು. ದರ ಬದಲಾದರೆ ಮತ್ತೆ ವಿನ್ಯಾಸಕಾರರ ಬಾಗಿಲಿಗೇ ಹೋಗಬೇಕು. ಕಾರಣ ಸರಳ: ಅವರಿಗೆ ದೊರೆತದ್ದು ವೆಬ್ ಪುಟವಲ್ಲ, ವೆಬ್ ಪುಟದ ಚಿತ್ರ.

ಇದು ಕಲ್ಪಿತ ಉದಾಹರಣೆಯಾದರೂ ತೊಂದರೆ ಕಲ್ಪಿತವಲ್ಲ. ಚಿತ್ರಕ್ಕೂ ಪುಟಕ್ಕೂ ಇರುವ ಅಂತರವನ್ನು ಹಣ ಕೊಡುವವರು ಅರಿಯದಿದ್ದರೆ ನಷ್ಟ ಅವರದೇ.

ಮಾದರಿ ಚಿತ್ರ ಎಂದರೇನು?

ಫೋಟೋಶಾಪ್, ಕೋರಲ್‌ಡ್ರಾ ಅಥವಾ ಫಿಗ್ಮಾದಂತಹ ತಂತ್ರಾಂಶದಲ್ಲಿ ಪುಟ ಹೇಗೆ ಕಾಣಬೇಕೆಂದು ಮೊದಲೇ ಬಿಡಿಸುವ ಚಿತ್ರವನ್ನು ‘ಮಾಕಪ್’ ಎನ್ನುತ್ತಾರೆ. ಇದು ಮನೆ ಕಟ್ಟುವ ಮುನ್ನ ತಯಾರಿಸುವ ನಕ್ಷೆಯಂತೆ. ನಗರದ ಬಾರಾ ಕಮಾನ್ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಎರಡನೆಯ ಅಲಿ ಆದಿಲ್‌ಶಾಹನ ಆ ಸಮಾಧಿ ಪೂರ್ಣಗೊಳ್ಳಲೇ ಇಲ್ಲ. ಕಮಾನುಗಳು ಇಂದಿಗೂ ಸುಂದರವಾಗಿ ನಿಂತಿವೆ, ಮೇಲೆ ಚಾವಣಿ ಮಾತ್ರ ಇಲ್ಲ. ಮಾಕಪ್‌ನಲ್ಲೇ ನಿಂತ ವೆಬ್‌ಸೈಟಿನ ಸ್ಥಿತಿಯೂ ಅದೇ.

ನಮ್ಮ ಜಿಲ್ಲೆಯ ಡಿಟಿಪಿ ಕೇಂದ್ರಗಳಲ್ಲಿ ಲಗ್ನಪತ್ರಿಕೆ, ಕರಪತ್ರ, ಫ್ಲೆಕ್ಸ್ ರೂಪಿಸಿ ಕೈ ಪಳಗಿದವರಿಗೆ ಕೊರತೆಯಿಲ್ಲ. ಆದರೆ ಮುದ್ರಣದಲ್ಲಿ ಕಾಗದದ ಅಳತೆ ಮೊದಲೇ ನಿಗದಿಯಾಗಿರುತ್ತದೆ ಮತ್ತು ಅಚ್ಚಾದ ಮೇಲೆ ಅಕ್ಷರ ಬದಲಾಗದು. ವೆಬ್ ಪುಟಕ್ಕೆ ನಿಗದಿತ ಅಳತೆಯೂ ಇಲ್ಲ, ಕೊನೆಯ ಪ್ರತಿಯೂ ಇಲ್ಲ. ಮುದ್ರಣದ ಅಭ್ಯಾಸವನ್ನು ಹಾಗೆಯೇ ವೆಬ್‌ಗೆ ತಂದಾಗ ತೊಡಕು ಆರಂಭವಾಗುತ್ತದೆ.

ಮೊದಲು ರಚನೆ, ಬಳಿಕ ಅಲಂಕಾರ

ಮಾಕಪ್ ಕೈಗೆ ಬಂದೊಡನೆ ಅದನ್ನು ತುಂಡು ತುಂಡಾಗಿ ಕತ್ತರಿಸಿ ಚಿತ್ರಗಳನ್ನಾಗಿ ಜೋಡಿಸುವುದು ಹಿಂದಿನ ರೂಢಿಯಾಗಿತ್ತು. ಇಂದಿನ ಸರಿಯಾದ ಕ್ರಮ ಬೇರೆ. ಮೊದಲು ಚಿತ್ರವನ್ನು ‘ಓದಬೇಕು’. ಯಾವುದು ಶೀರ್ಷಿಕೆ, ಯಾವುದು ವಿವರಣೆ, ಯಾವುದು ಪಟ್ಟಿ, ಯಾವುದು ಕೊಂಡಿ ಎಂದು ಗುರುತಿಸಿ, ಅವನ್ನು ಎಚ್‌ಟಿಎಂಎಲ್ ಎಂಬ ಗುರುತು ಭಾಷೆಯಲ್ಲಿ ಬರೆಯಬೇಕು. ಬಣ್ಣ, ಅಂತರ, ಅಕ್ಷರದ ಗಾತ್ರ ಇತ್ಯಾದಿ ಅಲಂಕಾರಗಳನ್ನು ಸಿಎಸ್‌ಎಸ್ ಎಂಬ ಪ್ರತ್ಯೇಕ ಕಡತಕ್ಕೆ ಒಪ್ಪಿಸಬೇಕು. 1996ರಲ್ಲಿ ಮೊದಲ ಬಾರಿಗೆ ಅಧಿಕೃತ ಶಿಫಾರಸಾಗಿ ಹೊರಬಂದ ಸಿಎಸ್‌ಎಸ್‌ನ ಉದ್ದೇಶವೇ ವಿಷಯವನ್ನೂ ಅಲಂಕಾರವನ್ನೂ ಬೇರ್ಪಡಿಸುವುದು.

ಇದರ ಲಾಭ ಬೆಳೆಗಾರರಿಗೆ ನೇರವಾಗಿ ತಟ್ಟುತ್ತದೆ. ದರಪಟ್ಟಿ ನಿಜವಾದ ಕೋಷ್ಟಕವಾಗಿದ್ದರೆ ಒಂದು ಅಂಕಿಯನ್ನು ತಿದ್ದಿದರೆ ಸಾಕು. ವಿನ್ಯಾಸಕ್ಕೆ ಕೈ ಹಚ್ಚಬೇಕಿಲ್ಲ.

ಕನ್ನಡದ ವಿಶೇಷ ತೊಡಕು

ಕನ್ನಡದ ಪುಟಗಳಿಗೆ ಇನ್ನೊಂದು ಅಡ್ಡಿಯಿದೆ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂಡುತ್ತಿರಲಿಲ್ಲ. ಹೀಗಾಗಿ ವಿನ್ಯಾಸಕಾರರು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳನ್ನೇ ನೆಚ್ಚಿಕೊಂಡರು. ಈ ಫಾಂಟುಗಳಲ್ಲಿ ಕಾಣುವುದು ಕನ್ನಡವಾದರೂ ಒಳಗೆ ದಾಖಲಾಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಮಾಕಪ್‌ನಿಂದ ಪಠ್ಯವನ್ನು ನಕಲಿಸಿ ವೆಬ್ ಪುಟಕ್ಕೆ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಮೂಡುತ್ತದೆ. ಬೇಸತ್ತವರು ಪಠ್ಯವನ್ನು ಚಿತ್ರವಾಗಿಯೇ ಬಿಟ್ಟುಬಿಡುತ್ತಾರೆ.

ಪರಿಹಾರ ಯೂನಿಕೋಡ್. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ ಸ್ಥಾನವಿದೆ. ಹಳೆಯ ಪಠ್ಯವನ್ನು ಪರಿವರ್ತಕ ತಂತ್ರಾಂಶದಿಂದ ಬದಲಿಸಬಹುದು, ಆದರೆ ಬಳಿಕ ಕರಡು ತಿದ್ದುವುದು ಅಗತ್ಯ. ‘ಕರ್ನಾಟಕ’ದ ಅರ್ಕಾವತ್ತು ಕಣ್ಣಿಗೆ ‘ನಾ’ ಅಕ್ಷರದ ನಂತರ ಕಂಡರೂ ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಂತೆ ಮೊದಲೇ ದಾಖಲಾಗುತ್ತದೆ. ಪರಿವರ್ತಕಗಳು ಎಡವುವುದು ಇಂತಹ ಕಡೆಯೇ.

ಅಕ್ಷರಗಳ ಎತ್ತರವನ್ನೂ ಗಮನಿಸಬೇಕು. ಇಂಗ್ಲಿಷ್ ಪಠ್ಯ ತುಂಬಿ ಮಾಡಿದ ಮಾಕಪ್‌ಗೆ ಕನ್ನಡ ತುಂಬಿದಾಗ ಕೆಳಗಿನ ಒತ್ತಕ್ಷರ ಮುಂದಿನ ಸಾಲಿಗೆ ತಾಗುತ್ತದೆ, ಉದ್ದನೆಯ ಪದಗಳು ಗುಂಡಿಯಿಂದ ಹೊರಚಾಚುತ್ತವೆ. ಆದ್ದರಿಂದ ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಹೆಚ್ಚಿಡುವುದು, ಗುಂಡಿಗೆ ನಿಗದಿತ ಅಗಲ ಕೊಡದಿರುವುದು ಲೇಸು. ನೋಟೊ ಸಾನ್ಸ್ ಕನ್ನಡದಂತಹ ಉಚಿತ ಫಾಂಟನ್ನು ಪುಟದೊಡನೆಯೇ ಕಳುಹಿಸಿದರೆ ಯಾವ ಸಾಧನದಲ್ಲೂ ಒಂದೇ ಬಗೆಯ ಅಕ್ಷರ ಕಾಣುತ್ತದೆ.

ಕಿರುಪರದೆ ಮತ್ತು ದೃಷ್ಟಿಹೀನ ಓದುಗ

ಮಾಕಪ್ ಸಾಮಾನ್ಯವಾಗಿ ಗಣಕಯಂತ್ರದ ಅಗಲ ಪರದೆಗೆ ಬಿಡಿಸಿದ್ದು. ಬಬಲೇಶ್ವರದ ಬಸ್ ನಿಲ್ದಾಣದಲ್ಲಿ ನಿಂತವರು ಅದನ್ನು ನೋಡುವುದು ಅಂಗೈಯ ಮೊಬೈಲ್‌ನಲ್ಲಿ. ಪರದೆಯ ಅಗಲಕ್ಕೆ ತಕ್ಕಂತೆ ಪುಟವೇ ಮರುಜೋಡಣೆಗೊಳ್ಳುವ ವಿಧಾನಕ್ಕೆ 2010ರಲ್ಲಿ ಅಮೆರಿಕದ ವಿನ್ಯಾಸಕಾರ ಈಥನ್ ಮಾರ್ಕಾಟ್ ‘ರೆಸ್ಪಾನ್ಸಿವ್’ ಎಂಬ ಹೆಸರಿಟ್ಟರು. ಪಕ್ಕಪಕ್ಕದ ಮೂರು ಅಂಕಣಗಳು ಮೊಬೈಲ್‌ನಲ್ಲಿ ಒಂದರ ಕೆಳಗೊಂದು ಬರುವುದು ಈ ವಿಧಾನದಿಂದಲೇ. ಇಡೀ ಪುಟ ಚಿತ್ರವಾಗಿದ್ದರೆ ಇದು ಅಸಾಧ್ಯ. ಓದುಗರು ಎರಡು ಬೆರಳಿನಿಂದ ಹಿಗ್ಗಿಸುತ್ತ ಅತ್ತಿತ್ತ ಸರಿಸಬೇಕಾಗುತ್ತದೆ.

ಕಣ್ಣು ಕಾಣದವರ ಪಾಲಿಗೆ ಚಿತ್ರದ ಪುಟ ಬರಿಯ ಮೌನ. ಅವರು ಬಳಸುವ ಓದು ತಂತ್ರಾಂಶ ಪಠ್ಯವನ್ನು ಧ್ವನಿಯಾಗಿಸುತ್ತದೆ. ಪಠ್ಯವೇ ಇಲ್ಲದಿದ್ದರೆ ಓದುವುದೇನನ್ನು? ಪುಟದ ಭಾಷೆ ಕನ್ನಡವೆಂದು ಸಂಕೇತದಲ್ಲಿ ನಮೂದಿಸುವುದು, ಪ್ರತಿ ಚಿತ್ರಕ್ಕೂ ಒಂದು ಸಾಲಿನ ವಿವರಣೆ ಸೇರಿಸುವುದು ಹೆಚ್ಚಿನ ಶ್ರಮದ ಕೆಲಸಗಳಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ಅಂತರ ಕನಿಷ್ಠ 4.5ಕ್ಕೆ 1 ಇರಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಹಸಿರು ಬಳ್ಳಿಯ ಮೇಲೆ ಹಳದಿ ಅಕ್ಷರ ಬರೆಯುವ ಮುನ್ನ ಇದನ್ನು ನೆನೆಯುವುದು ಒಳಿತು.

ಗುಂಡಿಗೆ ಜೀವ

ಕೊನೆಯ ಹಂತ ಕಾರ್ಯನಿರ್ವಹಣೆ. ಚಿತ್ರದಲ್ಲಿನ ಗುಂಡಿ ಒಂದು ಬಣ್ಣದ ಚೌಕವಷ್ಟೇ. ಅದಕ್ಕೆ ದೂರವಾಣಿ ಸಂಖ್ಯೆಯ ಕೊಂಡಿ ಜೋಡಿಸಿದರೆ ಮೊಬೈಲ್‌ನಲ್ಲಿ ಮುಟ್ಟಿದೊಡನೆ ಕರೆ ಮಾಡುವ ಪರದೆ ತೆರೆಯುತ್ತದೆ. ಬೇಡಿಕೆ ಅರ್ಜಿ ಬೇಕೆಂದರೆ, ತುಂಬಿದ ವಿವರವನ್ನು ಸ್ವೀಕರಿಸಿ ಉಳಿಸಿಕೊಳ್ಳುವ ತಂತ್ರಾಂಶ ಸರ್ವರ್‌ನಲ್ಲಿ ಇರಲೇಬೇಕು. ಇದು ವಿನ್ಯಾಸಕಾರರ ಕೆಲಸವಲ್ಲ, ಪ್ರೋಗ್ರಾಮರ್ ಕೆಲಸ. ದರ ನಿಗದಿ ಮಾಡುವಾಗಲೇ ಎರಡನ್ನೂ ಬೇರೆ ಬೇರೆಯಾಗಿ ಕೇಳಿ ತಿಳಿಯಬೇಕು.

ಹಣ ಪಾವತಿಸುವ ಮುನ್ನ ಯಾರಾದರೂ ಮಾಡಬಹುದಾದ ಮೂರು ಪರೀಕ್ಷೆಗಳಿವೆ. ಒಂದು, ಮೊಬೈಲ್‌ನಲ್ಲಿ ಪುಟ ತೆರೆದು ಒಂದು ಪದದ ಮೇಲೆ ಬೆರಳೊತ್ತಿ ಹಿಡಿಯಿರಿ. ಪದ ಆಯ್ಕೆಯಾಗಿ, ನಕಲಿಸಿದಾಗ ಕನ್ನಡವಾಗಿಯೇ ಉಳಿದರೆ ಅದು ನಿಜವಾದ ಪಠ್ಯ. ಎರಡು, ಪ್ರತಿ ಗುಂಡಿಯನ್ನೂ ಒತ್ತಿ ನೋಡಿ. ಮೂರು, ದರಪಟ್ಟಿಯ ಒಂದು ಅಂಕಿಯನ್ನು ನಿಮ್ಮ ಎದುರಿನಲ್ಲೇ ಬದಲಿಸಿ ತೋರಿಸಲು ಹೇಳಿ.

ಈ ಮೂರರಲ್ಲಿ ತೇರ್ಗಡೆಯಾಗದ ಪುಟ ಎಷ್ಟೇ ಚೆಂದವಿದ್ದರೂ ಗೋಡೆಗೆ ತೂಗುಹಾಕುವ ಕ್ಯಾಲೆಂಡರ್ ಅಷ್ಟೇ. ತೇರ್ಗಡೆಯಾದರೆ, ತಿಕೋಟಾದ ಒಣದ್ರಾಕ್ಷಿ ಬೇಕೆಂದು ಎಲ್ಲೋ ಕುಳಿತು ಕನ್ನಡದಲ್ಲಿ ಹುಡುಕುವವರಿಗೆ ಅದು ಸಿಗುವ ಅವಕಾಶವಾದರೂ ಉಂಟು.